ಪಿಡಿಎಫ್ ರೆಡಿ ಇದ್ದರೂ ಪ್ಲೇಟ್‌ಗೆ ಹೋಗಲು ಯಾಕೆ ಇಷ್ಟು ದಿನ?

ಓದುಗರ ಪ್ರಶ್ನೆ: ನಮ್ಮ ಪುಸ್ತಕದ ಪಿಡಿಎಫ್ ಪೂರ್ತಿ ಸಿದ್ಧವಾಗಿದೆ. ಕರಡು ತಿದ್ದಿದ್ದೂ ಮುಗಿದಿದೆ. ಆದರೂ ಪ್ಲೇಟ್‌ಗೆ ಹೋಗುವ ಮುಂಚೆ ಎರಡು ಮೂರು ದಿನ ಬೇಕು ಅಂತ ಪ್ರೆಸ್‌ನವರು ಹೇಳುತ್ತಾರೆ. ಈಗ ಎಲ್ಲವೂ ಡಿಜಿಟಲ್ ಅಲ್ವಾ? ಒಂದು ಬಟನ್ ಒತ್ತಿದರೆ ಆಗುವುದಿಲ್ವಾ? ಆ ದಿನಗಳಲ್ಲಿ ಅಲ್ಲಿ ನಿಜವಾಗಿ ಏನು ನಡೆಯುತ್ತದೆ?

ಉತ್ತರ: ಯಂತ್ರದ ಕೆಲಸಕ್ಕೆ ದಿನಗಟ್ಟಲೆ ಬೇಡ. ಒಂದು ಪ್ಲೇಟ್, ಅಂದರೆ ಮುದ್ರಣ ಯಂತ್ರದಲ್ಲಿ ಇಂಕ್ ಹಿಡಿಯುವ ಅಲ್ಯೂಮಿನಿಯಂ ತಗಡು, ಹೊರಬರಲು ಕೆಲವು ನಿಮಿಷ ಸಾಕು. ದಿನಗಳು ಹೋಗುವುದು ಫೈಲಿನಲ್ಲಿರುವ ಅನುಮಾನಗಳನ್ನು ಬಗೆಹರಿಸುವುದಕ್ಕೆ. ಇದು ಹೀಗೇ ಇರಬೇಕಾ ಅಂತ ಅವರು ಕೇಳುತ್ತಾರೆ. ನೀವು ವಿನ್ಯಾಸ ಮಾಡಿದವರನ್ನು ಕೇಳುತ್ತೀರಿ. ಹೊಸ ಫೈಲ್ ಬರುತ್ತದೆ. ಅದನ್ನು ಮತ್ತೆ ಮೊದಲಿಂದ ನೋಡಬೇಕು. ಪ್ರಿಪ್ರೆಸ್, ಅಂದರೆ ಮುದ್ರಣಕ್ಕೆ ಮುಂಚಿನ ಸಿದ್ಧತೆ, ಮುಕ್ಕಾಲು ಪಾಲು ಇದೇ. ತಂತ್ರಜ್ಞಾನ ತುಂಬಾ ಮುಂದೆ ಬಂದಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ತಪ್ಪನ್ನು ಹುಡುಕುತ್ತದೆಯೇ ಹೊರತು ನಿಮ್ಮ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ.

ಇದು ಅರ್ಥವಾಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1984ರಲ್ಲಿ ಪುಟ ಹೇಗಿರಬೇಕು ಅಂತ ಪ್ರಿಂಟರಿಗೆ ವಿವರಿಸುವ ಭಾಷೆ, ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಬಂತು. ಮರುವರ್ಷ ಆಪಲ್‌ನ ಲೇಸರ್‌ರೈಟರ್ ಪ್ರಿಂಟರ್ ಮತ್ತು ಆಲ್ಡಸ್ ಕಂಪನಿಯ ಪುಟ ವಿನ್ಯಾಸದ ಸಾಫ್ಟ್‌ವೇರ್ ಪೇಜ್‌ಮೇಕರ್ ಬಂದವು. ಪುಟ ಕಟ್ಟುವ ಕೆಲಸ ಕಂಪ್ಯೂಟರಿಗೆ ಬಂತು. ಆದರೆ ಕಂಪ್ಯೂಟರ್ ಮತ್ತು ಪ್ಲೇಟಿನ ನಡುವೆ ಫಿಲ್ಮ್ ಇನ್ನೂ ಉಳಿದಿತ್ತು. ನಾಲ್ಕು ಬಣ್ಣಕ್ಕೆ ನಾಲ್ಕು ಫಿಲ್ಮ್ ತೆಗೆದು, ಬೆಳಕಿನ ಮೇಜಿನ ಮೇಲೆ ಜೋಡಿಸಿ, ಟೇಪ್ ಹಚ್ಚಿ, ಆಮೇಲೆ ಪ್ಲೇಟ್ ಮಾಡುತ್ತಿದ್ದರು. 1990ರ ದಶಕದಲ್ಲಿ ಕಂಪ್ಯೂಟರಿನಿಂದ ನೇರ ಪ್ಲೇಟ್ ಮಾಡುವ ಸಿಟಿಪಿ ಯಂತ್ರಗಳು ಬಂದವು. ಲೇಸರ್ ನೇರವಾಗಿ ಅಲ್ಯೂಮಿನಿಯಂ ಪ್ಲೇಟಿನ ಮೇಲೆ ಬರೆಯತೊಡಗಿತು. ಫಿಲ್ಮ್ ಹೋಯಿತು. ಅದರ ಖರ್ಚು, ಧೂಳು, ಜೋಡಣೆಯ ತಪ್ಪು ಎಲ್ಲವೂ ಹೋದವು.

ಜೊತೆಗೆ ಇನ್ನೊಂದೂ ಹೋಯಿತು. ಫಿಲ್ಮ್ ಜೋಡಿಸುವವರು ಪ್ರತಿ ಪುಟವನ್ನೂ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಅಕ್ಷರ ಬದಲಾಗಿದ್ದರೆ, ಚಿತ್ರ ಕಾಣೆಯಾಗಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತಿತ್ತು. ಪರೀಕ್ಷೆ ಅನ್ನುವ ಬೇರೆ ಹಂತ ಬೇಕಿರಲಿಲ್ಲ, ಅದು ಕೆಲಸದೊಳಗೇ ಸೇರಿಕೊಂಡಿತ್ತು. ಈಗ ಫೈಲ್ ನೇರವಾಗಿ ಪ್ಲೇಟಿಗೆ ಹೋಗುತ್ತದೆ. ನಡುವೆ ಯಾರೂ ನೋಡದೇ ಇರಬಹುದು. ಹಾಗಾಗಿ ಆ ನೋಟವನ್ನು ಬೇಕಂತಲೇ, ಯೋಚಿಸಿ, ಮತ್ತೆ ತರಬೇಕಾಯಿತು. ಈಗಿನ ಪ್ರಿಪ್ರೆಸ್ ಸಾಫ್ಟ್‌ವೇರ್ ಬಹುಪಾಲು ಹುಟ್ಟಿದ್ದೇ ಈ ಅಗತ್ಯದಿಂದ.

ಪಿಡಿಎಫ್ ಅಂದರೆ ಪುಟದ ವಿವರಣೆ. ಈ ಅಕ್ಷರ ಇಲ್ಲಿ, ಈ ಗೆರೆ ಇಷ್ಟು ದಪ್ಪ, ಈ ಚಿತ್ರ ಈ ಅಳತೆಯಲ್ಲಿ, ಹೀಗೆ. ಪ್ಲೇಟಿಗೆ ಇದು ಯಾವುದೂ ಅರ್ಥವಾಗುವುದಿಲ್ಲ. ಈ ಚುಕ್ಕಿಯಲ್ಲಿ ಇಂಕ್ ಹಿಡಿಯಬೇಕಾ ಬೇಡವಾ, ಅದಕ್ಕೆ ಬೇಕಿರುವುದು ಅಷ್ಟೇ. ವಿವರಣೆಯನ್ನು ಚುಕ್ಕಿಗಳಾಗಿ ಮಾಡುವ ಸಾಫ್ಟ್‌ವೇರಿಗೆ ರಿಪ್ ಎನ್ನುತ್ತಾರೆ. ಒಂದು ಮೀಟರ್ ಅಗಲ, 80 ಸೆಂಟಿಮೀಟರ್ ಎತ್ತರದ ಪ್ಲೇಟ್ ತೆಗೆದುಕೊಳ್ಳಿ. ಇಂಚಿಗೆ 2400 ಚುಕ್ಕಿಯ ಲೆಕ್ಕದಲ್ಲಿ ಅದರ ಮೇಲೆ 700 ಕೋಟಿಗೂ ಜಾಸ್ತಿ ಚುಕ್ಕಿಗಳಾಗುತ್ತವೆ. ಒಂದೊಂದಕ್ಕೂ ಹೌದು ಅಥವಾ ಇಲ್ಲ ಅನ್ನುವ ಉತ್ತರ ಬೇಕು. ಇದನ್ನು ಇವತ್ತಿನ ಕಂಪ್ಯೂಟರ್ ಸಲೀಸಾಗಿ ಮಾಡುತ್ತದೆ. ತೊಂದರೆ ಇರುವುದು ಇಲ್ಲಿ ಅಲ್ಲ. ವಿವರಣೆಯೇ ಅಸ್ಪಷ್ಟವಾಗಿದ್ದರೆ ತೊಂದರೆ.

ಆ ಅಸ್ಪಷ್ಟತೆ ಹೇಗಿರುತ್ತದೆ ಅಂತ ತೋರಿಸಲು ಕಪ್ಪು ಬಣ್ಣವೊಂದೇ ಸಾಕು. ಪರದೆಗೆ ಬೇಕಾದ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬಣ್ಣದಲ್ಲಿ ಕಪ್ಪು ಅಂದರೆ ಮೂರೂ ಸೊನ್ನೆ. ಮುದ್ರಣಕ್ಕೆ ಬೇಕಿರುವುದು ಸಿಎಂವೈಕೆ, ಅಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕ್. ಒಂದೊಂದಕ್ಕೂ ಹೆಚ್ಚೆಂದರೆ ಶೇಕಡಾ 100. ವಿನ್ಯಾಸದ ಸಾಫ್ಟ್‌ವೇರಿನಲ್ಲಿ ತುಂಬಾ ಬಳಕೆಯಲ್ಲಿರುವ ಸ್ವಾಪ್ ಪ್ರೊಫೈಲ್ (ಬಣ್ಣ ಬದಲಿಸುವ ಲೆಕ್ಕದ ಕೋಷ್ಟಕ) ಮೂಲಕ ಈ ಕಪ್ಪನ್ನು ಸಿಎಂವೈಕೆಗೆ ಬದಲಿಸಿದರೆ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಒಟ್ಟು ಶೇಕಡಾ 300 ಇಂಕ್! ಒಂದೇ ಇಂಕಿನಲ್ಲಿ ಮುಗಿಯಬೇಕಿದ್ದ ಸಣ್ಣ ಅಕ್ಷರ ನಾಲ್ಕು ಪ್ಲೇಟಿನ ಮೇಲೆ ಬೀಳುತ್ತದೆ. ಮುದ್ರಣದಲ್ಲಿ ನಾಲ್ಕು ಬಣ್ಣ ಕೂದಲೆಳೆಯಷ್ಟು ಜರುಗಿದರೂ ಅಕ್ಷರದ ಅಂಚಿನಲ್ಲಿ ಕೆಂಪು, ನೀಲಿ ನೆರಳು ಕಾಣುತ್ತದೆ. ಇಡೀ ಪುಸ್ತಕ ಮಸುಕಾಗಿ ಓದಿಸಿಕೊಳ್ಳುತ್ತದೆ. ಪರದೆಯ ಮೇಲೆ ಮಾತ್ರ ಏನೂ ವ್ಯತ್ಯಾಸ ಕಾಣುವುದಿಲ್ಲ.

ಇದನ್ನು ಸಾಫ್ಟ್‌ವೇರ್ ತಾನೇ ಸರಿಮಾಡಬಹುದಲ್ಲ ಅಂತ ನೀವು ಕೇಳಬಹುದು. ಮಾಡಬಹುದು, ಮಾಡುತ್ತದೆ ಕೂಡ. ಕಪ್ಪು ಅಕ್ಷರವೆಲ್ಲ ಕಪ್ಪು ಇಂಕಿನಲ್ಲಿ ಮಾತ್ರ ಇರಲಿ ಅಂತ ಒಂದು ನಿಯಮ ಹಾಕಿದರೆ ಆಯಿತು. ಆದರೆ ಮುಖಪುಟದ ದೊಡ್ಡ ಕಪ್ಪು ಹಿನ್ನೆಲೆಗೆ ವಿನ್ಯಾಸಕರು ಬೇಕಂತಲೇ ನಾಲ್ಕು ಇಂಕ್ ಕೊಟ್ಟಿರುತ್ತಾರೆ. ಕಪ್ಪು ಇಂಕ್ ಒಂದೇ ದೊಡ್ಡ ಜಾಗದಲ್ಲಿ ಬೂದುಬೂದಾಗಿ ಕಾಣುತ್ತದೆ, ಅದಕ್ಕೆ. ಯಾವುದು ತಪ್ಪಿನಿಂದ ಆದದ್ದು, ಯಾವುದು ಬೇಕಂತ ಮಾಡಿದ್ದು? ಇದನ್ನು ಹೇಳಬೇಕಾದವರು ನೀವೇ. ಪ್ರೆಸ್‌ನವರ ಫೋನ್ ಬರುವುದು ಇಂಥ ಜಾಗದಲ್ಲಿ.

ಒಟ್ಟು ಇಂಕಿನ ಮಿತಿಯೂ ಕಾಗದದ ಮೇಲೆ ನಿಂತಿದೆ. ನುಣುಪು ಕಾಗದ ಶೇಕಡಾ 300ರ ಆಸುಪಾಸು ತಾಳುತ್ತದೆ. ಸುದ್ದಿಪತ್ರಿಕೆಯ ಕಾಗದಕ್ಕೆ 240 ದಾಟಬಾರದು. ದಾಟಿದರೆ ಇಂಕ್ ಒಣಗುವುದಿಲ್ಲ, ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಇಂಕ್ ಹರಡಿ ಚುಕ್ಕಿ ಹಿಗ್ಗುವುದೂ ಹಾಗೇ. ಪ್ಲೇಟಿನ ಮೇಲೆ ಶೇಕಡಾ 50 ಜಾಗ ತುಂಬುವ ಬಣ್ಣದ ಚುಕ್ಕಿ ನುಣುಪು ಕಾಗದದ ಮೇಲೆ 65ರ ಹತ್ತಿರ ಕಾಣುತ್ತದೆ. ಸುದ್ದಿಪತ್ರಿಕೆ ಕಾಗದದಲ್ಲಿ 75 ದಾಟಬಹುದು. ಇದನ್ನು ಮೊದಲೇ ಲೆಕ್ಕ ಹಾಕಿ ಪ್ಲೇಟಿನಲ್ಲೇ ಚುಕ್ಕಿಯನ್ನು ಸಣ್ಣದು ಮಾಡುತ್ತಾರೆ. ಹಾಗಾಗಿ ಯಾವ ಕಾಗದ ಅಂತ ಗೊತ್ತಿಲ್ಲದೆ ಸರಿಯಾದ ಪ್ಲೇಟ್ ಮಾಡಲು ಆಗುವುದೇ ಇಲ್ಲ. ಫೈಲ್ ಕಳಿಸಿಬಿಟ್ಟಿದ್ದೇವೆ, ಕಾಗದ ಆಮೇಲೆ ನೋಡೋಣ ಅನ್ನುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ತೊಡಕು ಓವರ್‌ಪ್ರಿಂಟ್. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಬಿದ್ದಾಗ ಕೆಳಗಿನದನ್ನು ಕತ್ತರಿಸಬೇಕಾ, ಹಾಗೇ ಬಿಟ್ಟು ಮೇಲೆ ಮುದ್ರಿಸಬೇಕಾ ಅನ್ನುವ ಸೆಟ್ಟಿಂಗ್ ಅದು. ಕಪ್ಪು ಅಕ್ಷರಕ್ಕೆ ಓವರ್‌ಪ್ರಿಂಟ್ ಇರುವುದು ಒಳ್ಳೆಯದು. ಈಗ ವಿನ್ಯಾಸಕರು ಓವರ್‌ಪ್ರಿಂಟ್ ಇದ್ದ ಒಂದು ಕಪ್ಪು ಲೋಗೋವನ್ನು ಬಿಳಿ ಮಾಡಿದರು ಅಂದುಕೊಳ್ಳಿ. ಓವರ್‌ಪ್ರಿಂಟ್ ಸೆಟ್ಟಿಂಗ್ ಹಾಗೇ ಉಳಿಯಿತು. ಬಿಳಿ ಅಂದರೆ ಇಂಕ್ ಇಲ್ಲ. ಕೆಳಗಿನ ಬಣ್ಣ ಕತ್ತರಿಸಿಲ್ಲ. ಹಾಗಾದರೆ ಲೋಗೋ ಎಲ್ಲಿ? ಮುದ್ರಣದಲ್ಲಿ ಅದು ಮಾಯ. ಓವರ್‌ಪ್ರಿಂಟ್ ಪ್ರಿವ್ಯೂ ಹಾಕದೆ ನೋಡಿದರೆ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ಸಾವಿರಾರು ಪ್ರತಿ ಮುದ್ರಣವಾದ ಮೇಲೆ ಇದು ಗೊತ್ತಾದರೆ ಎಷ್ಟು ಸಂಕಟ, ಯೋಚಿಸಿ. ಪ್ರಿಫ್ಲೈಟ್ ಅನ್ನುವ ಪರೀಕ್ಷೆ ಇಂಥವನ್ನು ಕ್ಷಣದಲ್ಲಿ ಹಿಡಿಯುತ್ತದೆ. ಫಾಂಟ್ ಫೈಲಿನೊಳಗೆ ಸೇರಿದೆಯಾ, ಬ್ಲೀಡ್ (ಕತ್ತರಿಸುವ ಅಂಚಿನಾಚೆಗೂ ಚಾಚಿದ ಬಣ್ಣ) ಇದೆಯಾ, ಚಿತ್ರದ ಪಿಕ್ಸೆಲ್ ಸಾಕಾ ಅಂತಲೂ ನೋಡುತ್ತದೆ. 1200 ಪಿಕ್ಸೆಲ್ ಅಗಲದ ಚಿತ್ರ ಇಂಚಿಗೆ 300ರ ಲೆಕ್ಕದಲ್ಲಿ 4 ಇಂಚಿಗೆ ಮಾತ್ರ ಸಾಕು. ಅದನ್ನು 8 ಇಂಚಿಗೆ ಎಳೆದರೆ ಯಾವ ಪ್ರಿಪ್ರೆಸ್‌ನವರೂ ಇಲ್ಲದ ವಿವರವನ್ನು ತಂದುಕೊಡಲಾರರು.

ಪಾರದರ್ಶಕತೆಯ ಕಥೆ ಸ್ವಲ್ಪ ಸಮಾಧಾನ ಕೊಡುವಂಥದ್ದು. ಚಿತ್ರದ ಹಿಂದಿನ ಮೃದು ನೆರಳು, ಮಸುಕಾದ ಅಂಚು ಇವೆಲ್ಲ ಪಾರದರ್ಶಕತೆಯ ಆಟ. ಪೋಸ್ಟ್‌ಸ್ಕ್ರಿಪ್ಟಿಗೆ ಇದು ಗೊತ್ತೇ ಇರಲಿಲ್ಲ. 2001ರ ಪಿಡಿಎಫ್ 1.4ರಲ್ಲಿ ಅದು ಬಂತು. ಆದರೆ ಅದೇ ವರ್ಷ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಮುದ್ರಣದ ಪಿಡಿಎಫ್‌ಗೆಂದೇ ಹೊರತಂದ ಪಿಡಿಎಫ್/ಎಕ್ಸ್-1ಎ ಮಾನದಂಡ ಪಾರದರ್ಶಕತೆ ಬೇಡ ಎಂದಿತು. ಆಗಿನ ರಿಪ್‌ಗಳಿಗೆ ಅದು ಅರಗುತ್ತಿರಲಿಲ್ಲ. ಹಾಗಾಗಿ ನೆರಳಿರುವ ಪುಟವನ್ನು ಚೂರುಚೂರು ಮಾಡಿ ಚಪ್ಪಟೆಗೊಳಿಸುತ್ತಿದ್ದರು. ಚೂರುಗಳ ನಡುವೆ ಸಣ್ಣ ಬಿಳಿ ಗೆರೆ, ನೆರಳಿನ ಪಕ್ಕದ ಅಕ್ಷರ ದಪ್ಪ, ಹೀಗೆ ನಾನಾ ತಲೆನೋವು. 2006ರಲ್ಲಿ ಅಡೋಬಿ ಪಿಡಿಎಫ್ ಪ್ರಿಂಟ್ ಎಂಜಿನ್ ಬಂದಾಗ ಪಿಡಿಎಫ್ ಅನ್ನು ಪೋಸ್ಟ್‌ಸ್ಕ್ರಿಪ್ಟಿಗೆ ಬದಲಿಸದೆ ನೇರವಾಗಿ ರಿಪ್ ಮಾಡುವ ದಾರಿ ಸಿಕ್ಕಿತು. 2008ರ ಪಿಡಿಎಫ್/ಎಕ್ಸ್-4 ಪಾರದರ್ಶಕತೆಯನ್ನು ಹಾಗೇ ಇಟ್ಟುಕೊಳ್ಳಲು ಬಿಟ್ಟಿತು. ಈ ದಶಕಗಳ ದೊಡ್ಡ ಮುನ್ನಡೆ ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಈಗಲೂ ಎಕ್ಸ್-1ಎ ಕೇಳುವ ಪ್ರೆಸ್‌ಗಳಿವೆ. ಅವರ ರಿಪ್ ಹೊಸದಾಗಿದ್ದರೆ ಎಕ್ಸ್-4 ಕೊಡಲೇ ಅಂತ ಒಮ್ಮೆ ಕೇಳಿ ನೋಡಿ. ಒಪ್ಪಿದರೆ ಅದನ್ನೇ ಕೊಡಿ.

ಫಾಂಟ್ ಬಗ್ಗೆ ಒಂದು ಮಾತು. ಪಿಡಿಎಫ್‌ನಲ್ಲಿ ಅಕ್ಷರದ ಆಕಾರಗಳು ಜೋಡಣೆಯಾಗಿಯೇ ಕೂತಿರುತ್ತವೆ. ಫಾಂಟ್ ಒಳಗೆ ಸೇರಿದ್ದರೆ ಒತ್ತಕ್ಷರಗಳಿಗೆ ಏನೂ ಆಗುವುದಿಲ್ಲ. ಆದರೆ ಕೊನೇ ಗಳಿಗೆಯಲ್ಲಿ ಪಿಡಿಎಫ್‌ನಲ್ಲೇ ಒಂದು ಪದ ತಿದ್ದಿಬಿಡಿ ಅಂತ ಕೇಳಿದರೆ ಆ ಜೋಡಣೆ ಒಡೆಯುವ ಅಪಾಯವಿದೆ. ತಿದ್ದುವುದಿದ್ದರೆ ಮೂಲ ಫೈಲಿನಲ್ಲೇ ತಿದ್ದಿ.

ಪುಟ ಜೋಡಣೆ, ಅಂದರೆ ಇಂಪೊಸಿಷನ್, ಈಗ ಬಹುತೇಕ ಸಾಫ್ಟ್‌ವೇರಿನದೇ ಕೆಲಸ. ದೊಡ್ಡ ಹಾಳೆಯ ಎರಡೂ ಬದಿಯಲ್ಲಿ ಎಂಟೆಂಟು ಪುಟ ಮುದ್ರಿಸಿ ಮಡಿಸಿದರೆ 16 ಪುಟದ ಒಂದು ಫಾರಂ. ಪುಟಗಳು ಸರಿಯಾದ ಕ್ರಮದಲ್ಲಿ ಬರುವಂತೆ ಹಾಳೆಯ ಮೇಲೆ ಅಡ್ಡಾದಿಡ್ಡಿ ಕೂರಿಸಬೇಕು. 160 ಪುಟದ ಪುಸ್ತಕಕ್ಕೆ 10 ಫಾರಂ. ನಾಲ್ಕು ಬಣ್ಣವಾದರೆ ಒಂದೊಂದು ಫಾರಂಗೆ 8 ಪ್ಲೇಟ್, ಒಟ್ಟು 80 ಪ್ಲೇಟ್. ಪ್ಲೇಟ್ ಆದ ಮೇಲೆ ಒಂದು ಕಪ್ಪು ಅಕ್ಷರ ತಿದ್ದಿದರೆ ಒಂದು ಪ್ಲೇಟ್ ಹೋಗುತ್ತದೆ. ಒಂದು ಪ್ಯಾರಾ ಸೇರಿಸಿ ಮುಂದಿನ ಪುಟಗಳೆಲ್ಲ ಜರುಗಿದರೆ ಎಷ್ಟು ಹೋಗುತ್ತವೆ, ನೀವೇ ಲೆಕ್ಕ ಹಾಕಿ.

ಇದಕ್ಕೇ ಕೊನೆಯ ಕರಡಿಗೆ ಒಪ್ಪಿಗೆ ಕೇಳುವುದು. ಈ ಹಂತವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಈಗ ಪ್ರೆಸ್‌ನವರು ಲಿಂಕ್ ಕಳಿಸುತ್ತಾರೆ, ಬ್ರೌಸರಿನಲ್ಲೇ ಪುಟ ನೋಡಿ ಒಪ್ಪಬಹುದು. ಅಕ್ಷರ, ಪುಟಸಂಖ್ಯೆ, ಚಿತ್ರದ ಜಾಗ ನೋಡಲು ಅದು ತುಂಬಾ ಅನುಕೂಲ. ಬಣ್ಣಕ್ಕೆ ಮಾತ್ರ ಮಾಮೂಲಿ ಪರದೆಯನ್ನು ನಂಬಬೇಡಿ. ಪರದೆ ಬೆಳಕು ಚೆಲ್ಲುತ್ತದೆ, ಕಾಗದ ಬೆಳಕನ್ನು ಹಿಂದಿರುಗಿಸುತ್ತದೆ. ಹೊಳೆಯುವ ಹಸಿರು, ಕಡು ಕಿತ್ತಳೆ ನಾಲ್ಕು ಇಂಕಿನಲ್ಲಿ ಹಾಗೇ ಬರುವುದಿಲ್ಲ. ಬಣ್ಣ ಮುಖ್ಯವಾದ ಕೆಲಸಕ್ಕೆ ಐಎಸ್‌ಒ 12647-7ರ ಪ್ರಕಾರ ಇಂಕ್‌ಜೆಟ್‌ನಲ್ಲಿ ತೆಗೆದ ಪ್ರೂಫ್ (ಬಣ್ಣದ ಮಾದರಿ ಪ್ರತಿ) ಕೇಳಿ. ಅದನ್ನು ಹಗಲಿನ ಬೆಳಕನ್ನು ಹೋಲುವ ಡಿ50 ಎಂಬ ಪ್ರಮಾಣಿತ ಬೆಳಕಿನಲ್ಲಿ ನೋಡಿ. ಮನೆಯ ಹಳದಿ ದೀಪದಲ್ಲಿ ನೋಡಿ ಒಪ್ಪಿದ ಬಣ್ಣಕ್ಕೆ ಅರ್ಥವಿಲ್ಲ.

ಒಪ್ಪಿಗೆ ಸಿಕ್ಕ ಮೇಲೆ ಎಲ್ಲವೂ ವೇಗವಾಗಿ ಓಡುತ್ತದೆ. ಯಾವ ಕಾಗದ, ಎಷ್ಟು ಪ್ರತಿ, ಎಲ್ಲಿ ಮಡಿಕೆ ಅನ್ನುವ ವಿವರ ಜೆಡಿಎಫ್ ಎಂಬ ರೂಪದಲ್ಲಿ ಕಚೇರಿಯಿಂದ ಪ್ರಿಪ್ರೆಸ್‌ಗೆ, ಅಲ್ಲಿಂದ ಮುದ್ರಣ ಯಂತ್ರಕ್ಕೆ, ಮಡಿಸುವ ಯಂತ್ರಕ್ಕೆ ಸಾಗುತ್ತದೆ. ಅದರ ಮೊದಲ ಆವೃತ್ತಿ 2001ರದು. ಹಾಳೆಯ ಅಗಲದುದ್ದಕ್ಕೂ ಯಾವ ಪಟ್ಟಿಗೆ ಎಷ್ಟು ಇಂಕ್ ಬಿಡಬೇಕು ಅನ್ನುವುದನ್ನೂ ರಿಪ್ ಮಾಡಿದ ಚಿತ್ರದಿಂದಲೇ ಲೆಕ್ಕ ಹಾಕಿ ಯಂತ್ರಕ್ಕೆ ಮೊದಲೇ ತಿಳಿಸುತ್ತಾರೆ. ಮೊದಲು ಇದನ್ನು ಕಣ್ಣಳತೆಯಲ್ಲಿ ಹೊಂದಿಸುವಾಗ ತುಂಬಾ ಹಾಳೆಗಳು ದಂಡವಾಗುತ್ತಿದ್ದವು. ಈಗ ಒಳ್ಳೆಯ ಹಾಳೆ ಬೇಗ ಬರುತ್ತದೆ. ಪ್ಲೇಟೇ ಇಲ್ಲದ ಡಿಜಿಟಲ್ ಪ್ರೆಸ್‌ನಲ್ಲಿ ಮುದ್ರಿಸುವುದಾದರೆ ಕಾಯುವುದು ಇನ್ನೂ ಕಡಿಮೆ. ಆದರೆ ಮೇಲೆ ಹೇಳಿದ ಕಪ್ಪು, ಓವರ್‌ಪ್ರಿಂಟ್, ಪಿಕ್ಸೆಲ್ ಅಲ್ಲೂ ಬಿಡುವುದಿಲ್ಲ.

ನಿಮ್ಮ ಎರಡು ಮೂರು ದಿನವನ್ನು ಒಂದು ದಿನಕ್ಕೆ ಇಳಿಸಬಹುದಾ? ಎಷ್ಟೋ ಸಲ ಇಳಿಸಬಹುದು. ವಿನ್ಯಾಸ ಶುರುವಾಗುವ ಮುಂಚೆಯೇ ಪ್ರೆಸ್‌ಗೆ ಫೋನ್ ಮಾಡಿ. ಯಾವ ಬಣ್ಣದ ಪ್ರೊಫೈಲ್, ಒಟ್ಟು ಇಂಕ್ ಎಷ್ಟು, ಯಾವ ಪಿಡಿಎಫ್/ಎಕ್ಸ್, ಬ್ಲೀಡ್ 3 ಮಿಲಿಮೀಟರ್ ಸಾಕಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅವರು ಪ್ರಿಫ್ಲೈಟ್ ಸೆಟ್ಟಿಂಗ್ ಫೈಲ್ ಕೊಟ್ಟರೆ ಇನ್ನೂ ಒಳ್ಳೆಯದು. ನಿಮ್ಮ ಕಂಪ್ಯೂಟರಿನಲ್ಲೇ ಅದೇ ಪರೀಕ್ಷೆ ಮಾಡಿ ಕಳಿಸಬಹುದು. ನಾಲ್ಕು ಇಂಕಿನ ಕಪ್ಪಿನಂಥ ವಿಷಯ ಬೇಕಂತಲೇ ಮಾಡಿದ್ದರೆ ಫೈಲಿನ ಜೊತೆ ಎರಡು ಸಾಲು ಬರೆದು ತಿಳಿಸಿ. ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ. ಮೂರು ಜನ ಮೂರು ಸಲ ತಿದ್ದಿದರೆ ಪ್ರೆಸ್‌ನವರು ಏನು ಮಾಡಲು ಸಾಧ್ಯ?

ಕಾಗದವನ್ನು ಮೊದಲೇ ತೀರ್ಮಾನಿಸಿ. 160 ಪುಟ ಅಂದರೆ 80 ಹಾಳೆ. ಹಾಳೆಯ ದಪ್ಪ 0.10 ಮಿಲಿಮೀಟರ್ ಇದ್ದರೆ ಪುಸ್ತಕದ ಬೆನ್ನು ಸುಮಾರು 8 ಮಿಲಿಮೀಟರ್. 0.12 ಆದರೆ 9.6. ಕೊನೇ ಗಳಿಗೆಯಲ್ಲಿ ಕಾಗದ ಬದಲಿಸಿದರೆ ಬೆನ್ನಿನ ಮೇಲಿನ ಹೆಸರು ಪಕ್ಕಕ್ಕೆ ಜರುಗುತ್ತದೆ, ಮುಖಪುಟದ ಫೈಲನ್ನು ಹೊಸದಾಗಿ ಮಾಡಬೇಕು, ಅದರ ಕರಡನ್ನು ನೀವು ಮತ್ತೆ ನೋಡಿ ಒಪ್ಪಬೇಕು.