ಕಾಯಿಲೆ ಕರ್ಮಫಲವೇ ಆಗಿದ್ದರೆ ಪಥ್ಯ ಮಾಡುವುದೇಕೆ?

ಪ್ರಶ್ನೆ: ನಮ್ಮ ಅಜ್ಜನಿಗೂ ತಂದೆಯವರಿಗೂ ಸಕ್ಕರೆ ಕಾಯಿಲೆ ಇತ್ತು, ಈಗ ನನಗೂ ಬಂದಿದೆ. ಮನೆಯ ಹಿರಿಯರು ‘ಪಡೆದುಕೊಂಡು ಬಂದದ್ದು, ಅನುಭವಿಸಲೇಬೇಕು’ ಎನ್ನುತ್ತಾರೆ. ಇದು ಕರ್ಮಫಲವೇ ಆಗಿದ್ದರೆ ಪಥ್ಯ, ದಿನಚರ್ಯೆ, ಜಪ, ಧ್ಯಾನಗಳಿಂದ ಆಗುವುದಾದರೂ ಏನು? ಆಯುರ್ವೇದ ಇದಕ್ಕೆ ಏನು ಹೇಳುತ್ತದೆ?

ಉತ್ತರ: ಬೇರೆ ಬೇರೆ ಮಾತುಗಳಲ್ಲಿ ಅನೇಕರು ಕೇಳುವ ಈ ಪ್ರಶ್ನೆಯನ್ನು ಆಯುರ್ವೇದದ ಮೂಲಗ್ರಂಥಗಳಲ್ಲಿ ಒಂದಾದ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದ 3ನೆಯ ಅಧ್ಯಾಯದಲ್ಲಿ ಅಗ್ನಿವೇಶನೂ ತನ್ನ ಗುರು ಪುನರ್ವಸು ಆತ್ರೇಯನ ಮುಂದಿಟ್ಟಿದ್ದಾನೆ. ಆ ಮಾತುಕತೆ ನಡೆಯುವುದು ಪಾಂಚಾಲದ ರಾಜಧಾನಿ ಕಾಂಪಿಲ್ಯದಲ್ಲಿ, ಬೇಸಿಗೆಯ ಕೊನೆಯ ತಿಂಗಳಲ್ಲಿ. ಇಂದು ಆ ಊರು ಉತ್ತರ ಪ್ರದೇಶದ ಫರೂಕಾಬಾದ್ ಜಿಲ್ಲೆಯಲ್ಲಿದೆ. ಗಂಗೆಯ ದಡದ ಕಾಡಿನಲ್ಲಿ ಶಿಷ್ಯರೊಡನೆ ಅಡ್ಡಾಡುತ್ತಿದ್ದ ಆತ್ರೇಯ, ಋತುಗಳ ಲಕ್ಷಣ ಕೆಡುತ್ತಿದೆ, ಭೂಮಿ ತನ್ನ ರಸವನ್ನು ಕಳೆದುಕೊಳ್ಳುವ ಮುಂಚೆಯೇ ಮೂಲಿಕೆಗಳನ್ನು ಕಿತ್ತು ಇಟ್ಟುಕೊಳ್ಳಿ ಎನ್ನುತ್ತಾನೆ. ಗಾಳಿ, ನೀರು, ನೆಲ, ಕಾಲಗಳು ಕೆಟ್ಟು ಊರಿಗೆ ಊರೇ ನಾಶವಾಗುವುದಕ್ಕೆ ಮೂಲ ಅಧರ್ಮವೆಂದು ಅದೇ ಅಧ್ಯಾಯದಲ್ಲಿ ಹೇಳುವ ಗುರು, ಆ ಮಾತಿಗೆ ಬರುವುದಕ್ಕಿಂತ ಮೊದಲೇ ಔಷಧಿ ಕೂಡಿಡುವ ಕೆಲಸ ಹಚ್ಚಿದ್ದಾನೆ ಎಂಬುದನ್ನು ನಾವು ಗಮನಿಸಬೇಕು.

ಎಲ್ಲರ ಆಯುಸ್ಸೂ ಮೊದಲೇ ನಿಗದಿಯಾಗಿರುತ್ತದೆಯೇ ಎಂದು ಅಗ್ನಿವೇಶ ಕೇಳಿದಾಗ ಆತ್ರೇಯ ಎರಡು ಬಲಗಳ ಮಾತೆತ್ತುತ್ತಾನೆ. ಹಿಂದಿನ ದೇಹದಲ್ಲಿ ನಾವೇ ಮಾಡಿದ ಕರ್ಮ ದೈವ, ಈ ಜನ್ಮದಲ್ಲಿ ಮಾಡುವ ಕರ್ಮ ಪುರುಷಕಾರ. ಎರಡರಲ್ಲೂ ಹೀನ, ಮಧ್ಯಮ, ಉತ್ತಮ ಎಂಬ ತರತಮವಿದ್ದು, ದುರ್ಬಲವಾದ ದೈವವನ್ನು ಪುರುಷಕಾರ ಸೋಲಿಸುತ್ತದೆ, ಪ್ರಬಲವಾದ ದೈವ ಪುರುಷಕಾರವನ್ನು ಮೀರುತ್ತದೆ. ಎಲ್ಲವೂ ಮೊದಲೇ ಬರೆದಿಟ್ಟದ್ದಾದರೆ ಔಷಧಿಯೇಕೆ, ಮಂತ್ರವೇಕೆ, ಹುಚ್ಚೆದ್ದು ಬರುವ ಆನೆಯನ್ನು ಕಂಡು ಯಾರಾದರೂ ಓಡುವುದೇಕೆ ಎಂದು ಅವನು ತಿರುಗಿ ಕೇಳುತ್ತಾನೆ. ಒಳ್ಳೆಯ ಮರದ ಗಾಡಿಯ ಅಚ್ಚು ಸರಿಯಾಗಿ ನಡೆಸಿದರೆ ಸವೆಯುವಷ್ಟು ಕಾಲ ಸವೆದೇ ಕೊನೆಗಾಣುತ್ತದೆ. ಅತಿಭಾರ ಹೇರಿದರೆ, ಹಳ್ಳದಿಣ್ಣೆಯ ದಾರಿಯಲ್ಲಿ ಓಡಿಸಿದರೆ, ಎಣ್ಣೆ ಹಾಕದಿದ್ದರೆ ನಡುದಾರಿಯಲ್ಲೇ ಮುರಿಯುತ್ತದೆ ಎಂಬುದು ಅಲ್ಲಿ ಬರುವ ಹೋಲಿಕೆ. ಅಚ್ಚು ಯಾವ ಮರದ್ದೆಂಬುದು ನಿಮ್ಮ ಕೈಯಲ್ಲಿರಲಿಲ್ಲ, ಗಾಡಿ ಹೊಡೆಯುವ ರೀತಿ ನಿಮ್ಮ ಕೈಯಲ್ಲಿದೆ.

ನಿಮ್ಮ ಕಾಯಿಲೆಯ ಬಗ್ಗೆಯೇ ಚರಕಸಂಹಿತೆ ಹೇಳುವುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಚಿಕಿತ್ಸಾಸ್ಥಾನದ 6ನೆಯ ಅಧ್ಯಾಯವು ಪ್ರಮೇಹಕ್ಕೆ (ಸಕ್ಕರೆ ಕಾಯಿಲೆಯೂ ಸೇರುವ ಮೂತ್ರಸಂಬಂಧಿ ರೋಗಗಳ ಗುಂಪಿಗೆ) ಕಾರಣವೆಂದು ಕೂತಲ್ಲೇ ಕೂರುವ ಸುಖ, ಅತಿನಿದ್ರೆಯ ಸುಖ, ಮೊಸರು, ಹೊಸ ಅಕ್ಕಿ, ಬೆಲ್ಲದಿಂದ ಮಾಡಿದ ತಿನಿಸು ಮೊದಲಾದವನ್ನು ಹೆಸರಿಸುತ್ತದೆ. ತಂದೆತಾಯಿಯಿಂದ ಬೀಜದೋಷವಾಗಿ ಬಂದ ಮಧುಮೇಹ ಪೂರ್ತಿ ವಾಸಿಯಾಗದೆಂದೂ ಅದೇ ಅಧ್ಯಾಯ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಬೀಜದಿಂದ ಬಂದದ್ದನ್ನು ದೈವದ ಪಾಲೆಂದೂ, ಕೂತು ಉಂಡು ಬೆಳೆಸಿಕೊಂಡದ್ದನ್ನು ಪುರುಷಕಾರದ ಪಾಲೆಂದೂ ನಾನು ಓದುತ್ತೇನೆ. ನಿಮ್ಮ ಹಿರಿಯರ ಮಾತು ಮೊದಲನೆಯ ಪಾಲಿಗೆ ಒಪ್ಪುತ್ತದೆ, ಎರಡನೆಯದಕ್ಕೆ ಒಪ್ಪುವುದಿಲ್ಲ. ಸಂಪೂರ್ಣ ವಾಸಿಯಾಗದ ಕಾಯಿಲೆಯನ್ನೂ ಪಥ್ಯ, ಔಷಧಿಗಳಿಂದ ಹತೋಟಿಯಲ್ಲಿಟ್ಟುಕೊಂಡು ಬಹುಕಾಲ ಬಾಳಬಹುದಾದಾಗ ಅದನ್ನು ‘ಯಾಪ್ಯ’ ಎನ್ನುತ್ತಾರೆ; ಇಂದಿನ ವೈದ್ಯರು ಸಕ್ಕರೆ ಕಾಯಿಲೆಯ ಬಗ್ಗೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಇನ್ನು ಧರ್ಮ ಮತ್ತು ಸಾಧನೆಯ ವಿಷಯ. ರೋಗಕ್ಕೆ ಕಾರಣವಾಗುವ ಕರ್ಮವನ್ನು ಚರಕ ಪ್ರಜ್ಞಾಪರಾಧವೆಂದು ಕರೆಯುತ್ತಾನೆ. ಬುದ್ಧಿ, ತಡೆದುಕೊಳ್ಳುವ ಶಕ್ತಿಯಾದ ಧೃತಿ ಮತ್ತು ನೆನಪಾದ ಸ್ಮೃತಿ, ಈ ಮೂರೂ ಜಾರಿದಾಗ ಮನುಷ್ಯ ಮಾಡುವ ತಪ್ಪು ಕೆಲಸವದು. ಮದುವೆಯೂಟದ ಎಲೆಯ ಮುಂದೆ ಕುಳಿತಾಗ ಇದನ್ನು ಕಣ್ಣಾರೆ ಕಾಣಬಹುದು. ಒಂದು ಹೋಳಿಗೆ ಆಗಲೇ ಮುಗಿದಿದೆ, ಬಡಿಸುವವರು ತಟ್ಟೆ ಹಿಡಿದು ‘ಇನ್ನೊಂದು ಹಾಕಲೇ’ ಎಂದು ಬಗ್ಗಿದ್ದಾರೆ, ಹಿಂದೆಯೇ ತುಪ್ಪದ ಗಿಂಡಿ ಬರುತ್ತಿದೆ. ‘ಇವತ್ತೊಂದು ದಿನ ಏನೂ ಆಗುವುದಿಲ್ಲ’ ಎನ್ನುವಾಗ ಬುದ್ಧಿ ಸರಿದಿದೆ, ಎಲೆಯ ಮೇಲೆ ಅಡ್ಡವಿಡಬೇಕಾದ ಕೈ ಏಳದಿದ್ದಾಗ ಧೃತಿ ಸೋತಿದೆ, ಕಳೆದ ಮದುವೆಯ ಮರುದಿನ ರಕ್ತಪರೀಕ್ಷೆಯಲ್ಲಿ ಬಂದ ಅಂಕಿ ಮರೆತುಹೋದಾಗ ಸ್ಮೃತಿ ತಪ್ಪಿದೆ. ಪೂರ್ವಜನ್ಮದವರೆಗೆ ಹೋಗದೆಯೇ ಕರ್ಮ ಹುಟ್ಟುವ ಜಾಗ ಇಲ್ಲಿ ಸಿಗುತ್ತದೆ. ಜಪ, ಧ್ಯಾನ, ಪ್ರಾಣಾಯಾಮಗಳು ಆಯುರ್ವೇದದ ದೃಷ್ಟಿಯಲ್ಲಿ ಬೆಲೆಬಾಳುವುದು ಧೃತಿ ಮತ್ತು ಸ್ಮೃತಿಗಳನ್ನು ಬಲಪಡಿಸುವುದರಿಂದ; ಜಪ ಮುಗಿಸಿ ಎದ್ದವನ ಕೈ ಎಲೆಯ ಮೇಲೆ ಅಡ್ಡ ಬರದಿದ್ದರೆ ಸಾಧನೆ ಇನ್ನೂ ದೇಹಕ್ಕಿಳಿದಿಲ್ಲವೆಂದೇ ನನ್ನ ಅಭಿಪ್ರಾಯ.

ಹಾಗಾಗಿಯೇ ಈ ಶಾಸ್ತ್ರದಲ್ಲಿ ಸ್ನಾನ, ಊಟ, ನಿದ್ರೆಗಳ ನಿಯಮದ ಜೊತೆಯಲ್ಲೇ ನಡತೆಯ ನಿಯಮವೂ ಬರುತ್ತದೆ. ವಾಗ್ಭಟನ ಆಯುರ್ವೇದ ಗ್ರಂಥವಾದ ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ಹಲ್ಲುಜ್ಜುವುದು, ಎಣ್ಣೆ ಹಚ್ಚಿಕೊಳ್ಳುವುದು ಮುಗಿಯುತ್ತಿದ್ದಂತೆ ಹಿಂಸೆ, ಕಳವು, ಚಾಡಿ, ಸುಳ್ಳು, ಬಿರುನುಡಿ ಮುಂತಾದ 10 ಪಾಪಗಳನ್ನು ಬಿಡಬೇಕೆಂಬ ಮಾತು ಬರುತ್ತದೆ. ಚರಕನ ಆಚಾರರಸಾಯನದಲ್ಲಂತೂ ಸತ್ಯ, ಅಕ್ರೋಧ, ದಯೆ, ದಾನ, ಹಿರಿಯರ ಸೇವೆ, ಹದವಾದ ನಿದ್ರೆ ಮತ್ತು ಎಚ್ಚರಗಳೇ ರಸಾಯನದ, ಎಂದರೆ ದೇಹಕ್ಕೆ ಬಲ ಕೊಡುವ ಔಷಧಿಯ, ಸ್ಥಾನದಲ್ಲಿವೆ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಆಯುರ್ವೇದದ ಇನ್ನೊಬ್ಬ ಪ್ರಾಚೀನ ಆಚಾರ್ಯ ಸುಶ್ರುತನು ಪ್ರಮೇಹಕ್ಕೆ ಹೇಳಿರುವ ಚಿಕಿತ್ಸೆ. ಹಣವಿಲ್ಲದ, ಬಂಧುಗಳಿಲ್ಲದ ರೋಗಿ ಚಪ್ಪಲಿ, ಕೊಡೆಗಳಿಲ್ಲದೆ, ಭಿಕ್ಷೆಯ ಅನ್ನ ಉಣ್ಣುತ್ತಾ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತಾ, ಮುನಿಯಂತೆ ಸಂಯಮಿಯಾಗಿ 100 ಯೋಜನ (ಯೋಜನವೆಂದರೆ ಹಲವು ಮೈಲಿಗಳ ಹಳೆಯ ಅಳತೆ) ಅಥವಾ ಅದಕ್ಕೂ ಹೆಚ್ಚು ನಡೆಯಬೇಕು. ಬಾವಿ ತೋಡುವುದನ್ನೂ ಅಲ್ಲಿ ಹೇಳಿದೆ. ಅಷ್ಟು ನಡೆದರೆ ದೇಹಕ್ಕೆ ವ್ಯಾಯಾಮ, ಭಿಕ್ಷಾನ್ನದಿಂದ ಮಿತಾಹಾರ, ಮುನಿಯ ಬದುಕಿನಿಂದ ಮನಸ್ಸಿಗೆ ಹಿಡಿತ, ತೋಡಿದ ಬಾವಿಯಿಂದ ಊರಿಗೆ ನೀರು. ಬಾವಿ ತೋಡಿಸುವುದು ಪುಣ್ಯಕಾರ್ಯವೆಂದು ನಂಬಿರುವ ನಮ್ಮ ನಾಡಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಂದು ಬರಿಗಾಲಿನಲ್ಲಿ ಹೊರಡಬೇಡಿ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿ, ಆದ ಗಾಯ ತಿಳಿಯದೆ ಬಲಿಯುವ ಅಪಾಯವಿದೆ. ಆದರೆ ಬೆಳಗಿನ ನಡಿಗೆಯನ್ನು ದೇವಸ್ಥಾನದ ಅಂಗಳ ಗುಡಿಸುವುದಕ್ಕೋ, ಶಾಲೆಯ ಗಿಡಗಳಿಗೆ ನೀರು ಹೊರುವುದಕ್ಕೋ ಜೋಡಿಸಿಕೊಳ್ಳಲು ಅಡ್ಡಿಯೇನಿದೆ?

ಪೂಜೆ, ಹರಕೆ, ಶಾಂತಿಗಳನ್ನು ಬಿಡಬೇಕೇ ಎಂದೂ ಕೆಲವರು ಕೇಳುತ್ತಾರೆ. ಚರ್ಮರೋಗಕ್ಕೆ, ಸಂತಾನಕ್ಕೆ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಸರ್ಪಸಂಸ್ಕಾರ ಮಾಡಿಸುವವರು ನಮ್ಮಲ್ಲಿ ಬಹಳ ಮಂದಿ. ಚರಕ ಮೂರು ಬಗೆಯ ಚಿಕಿತ್ಸೆಗಳನ್ನು ಹೇಳಿ ಮಂತ್ರ, ಹೋಮ, ಉಪವಾಸ, ತೀರ್ಥಯಾತ್ರೆಗಳನ್ನು ದೈವವ್ಯಪಾಶ್ರಯದಲ್ಲೂ, ಆಹಾರ ಮತ್ತು ಔಷಧಿಗಳನ್ನು ಯುಕ್ತಿವ್ಯಪಾಶ್ರಯದಲ್ಲೂ, ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂತೆಗೆಯುವುದನ್ನು ಸತ್ವಾವಜಯದಲ್ಲೂ ಇಟ್ಟಿದ್ದಾನೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಿ ಎಂದು ಹೇಳಿಲ್ಲ. ಹರಕೆ ತೀರಿಸಿ ಬಂದೆವೆಂದು ಮಾತ್ರೆ ನಿಲ್ಲಿಸುವುದಕ್ಕೆ ಅಲ್ಲಿ ಆಧಾರ ಸಿಗದು.

ಎಲ್ಲಿಂದ ತೊಡಗಬೇಕೆಂದು ನೀವು ಕೇಳಿದರೆ, ರಾತ್ರಿಯಿಂದ ತೊಡಗಿ. ‘ಈಗ ನನ್ನ ಹಗಲುರಾತ್ರಿಗಳು ಹೇಗೆ ಕಳೆಯುತ್ತಿವೆ, ನಾನು ಎಂಥವನಾಗಿ ಅವನ್ನು ಕಳೆಯುತ್ತಿದ್ದೇನೆ’ ಎಂಬುದನ್ನು ಸದಾ ನೆನಪಿನಲ್ಲಿಟ್ಟವನು ದುಃಖಕ್ಕೆ ಗುರಿಯಾಗುವುದಿಲ್ಲವೆಂದು ವಾಗ್ಭಟ ದಿನಚರ್ಯಾ ಅಧ್ಯಾಯದ ಕೊನೆಯಲ್ಲಿ ಬರೆದಿದ್ದಾನೆ. ಮಲಗುವ ಮುನ್ನ ಅಂದಿನ ಊಟ, ನಡಿಗೆ, ಸಿಟ್ಟು, ಆಡಿದ ಮಾತುಗಳನ್ನು ಒಮ್ಮೆ ಹಿಂತಿರುಗಿ ನೋಡಿ, ನಾಳೆ ತಿದ್ದಬೇಕಾದ ಒಂದನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡು ಮಲಗಿ.

ಕರ್ಮದ ಮಾತನ್ನು ನಿಮ್ಮ ಬಗ್ಗೆ ಯೋಚಿಸಲು ಬಳಸಿ, ಇನ್ನೊಬ್ಬರ ಕಾಯಿಲೆಯನ್ನು ಅಳೆಯಲು ಬಳಸಬೇಡಿ. ಚಿಕ್ಕ ಮಕ್ಕಳಲ್ಲಿ ಕಾಣಿಸುವ ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುವುದರಿಂದ ಬರುವಂಥದ್ದು. ಮಗುವಿನ ನಡತೆಗೂ ತಾಯಿಯ ಅಡುಗೆಗೂ ಅದರೊಡನೆ ಸಂಬಂಧವಿಲ್ಲ. ಅಂಥ ಮಗುವಿನ ಮುಂದೆ ‘ಯಾವ ಜನ್ಮದ ಪಾಪವೋ’ ಎನ್ನುವುದು ಬಿರುನುಡಿಯಾದೀತು, ಆ 10 ಪಾಪಗಳಲ್ಲಿ ಅದೂ ಒಂದು. ನೀವೂ ಏಕಾದಶಿ, ಸಂಕಷ್ಟಿಗಳ ಉಪವಾಸ ಹಿಡಿಯುವವರಾದರೆ, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಬರಿಹೊಟ್ಟೆಯಲ್ಲಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದಾದ್ದರಿಂದ, ಆ ದಿನದ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿ ತಿಳಿದುಕೊಂಡೇ ಹಿಡಿಯಿರಿ.