ಐಮರದಿಂದ ಏಳಲು ಎಷ್ಟು ಹೊತ್ತು?

ಕೊಡಗಿನ ಹಳೇ ಮನೆಗಳ ಕೈಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ, ಕಂಬದಿಂದ ಕಂಬಕ್ಕೆ ಅಗಲವಾದ ಮರದ ಹಲಗೆ ಇರುತ್ತದೆ. ಅದೇ ಐಮರ. ನಮ್ಮ ದೊಡ್ಡಮ್ಮ ಸಂಜೆ ಕೂರುವುದು ಅಲ್ಲೇ. ಮೊದಲೆಲ್ಲ ಕಾಫಿ ಲೋಟ ಕೈಯಲ್ಲಿ ಹಿಡಿದೇ ಎದ್ದು ಒಳಗೆ ಹೋಗುತ್ತಿದ್ದರು. ಈಗ ಲೋಟ ಪಕ್ಕಕ್ಕಿಟ್ಟು, ಕಂಬ ಹಿಡಿದು, ಒಮ್ಮೆ ಮುಂದಕ್ಕೆ ತೂಗಿ ಏಳುತ್ತಾರೆ. ಕೇಳಿದರೆ, "ನಂಗೇನಾಗಿದೆ? ನನ್ನ ಕೆಲಸ ನಾನೇ ಮಾಡ್ಕೊಳ್ತೀನಲ್ಲ" ಅನ್ನುತ್ತಾರೆ. ಅದೂ ನಿಜವೇ.

ವಯಸ್ಸಾದವರು ತಮ್ಮ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಎನ್ನುವುದನ್ನು ಲೆಕ್ಕಕ್ಕೆ ತಂದವರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮುಖ್ಯರು. 1963ರಲ್ಲಿ ಅವರ ತಂಡ ಆರು ಕೆಲಸಗಳ ಪಟ್ಟಿ ಕೊಟ್ಟಿತು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. ಕೈಬಿಟ್ಟು ಹೋಗುವುದೂ ಹೆಚ್ಚಾಗಿ ಇದೇ ಸಾಲಿನಲ್ಲಿ ಎಂದು ಅವರು ಕಂಡುಕೊಂಡರು. ಮೊದಲು ಸ್ನಾನ, ಕೊನೆಗೆ ಊಟ. ಹಂಡೆಯಿಂದ ಬಿಸಿನೀರು ತೋಡುತ್ತಾ ಒದ್ದೆ ಕಲ್ಲಿನ ಮೇಲೆ ನಿಲ್ಲುವ ನಮ್ಮ ಬಚ್ಚಲನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ.

1969ರಲ್ಲಿ ಅಮೆರಿಕದವರೇ ಆದ ಲಾಟನ್ ಮತ್ತು ಬ್ರೋಡಿ ಇನ್ನೊಂದು ಪಟ್ಟಿ ತಂದರು. ಅಡುಗೆ, ಅಂಗಡಿಗೆ ಹೋಗಿಬರುವುದು, ದುಡ್ಡಿನ ವ್ಯವಹಾರ, ಮಾತ್ರೆ ತೆಗೆದುಕೊಳ್ಳುವುದು ಇತ್ಯಾದಿ. ಗಂಡಸರಿಗೆ ಅಡುಗೆ, ಬಟ್ಟೆ ಒಗೆಯುವುದು ಲೆಕ್ಕಕ್ಕಿರಲಿಲ್ಲ! ಅಲ್ಲೂ ನಮ್ಮ ಹಾಗೇ, ಅಲ್ವಾ?

ಪಟ್ಟಿಗಳ ತೊಂದರೆ ಏನೆಂದರೆ, ಕೆಲಸ ನಿಂತ ಮೇಲೆ ಮಾತ್ರ ಅವು ಬಾಯಿ ಬಿಡುತ್ತವೆ. ಕಾಲು ಅದಕ್ಕೂ ಮೊದಲೇ ಹೇಳುತ್ತದೆ. 1986ರಲ್ಲಿ ಕುರ್ಚಿಯಿಂದ ಎದ್ದು, ನಡೆದು, ತಿರುಗಿ ಬಂದು ಕೂರುವುದನ್ನು ಸುಮ್ನೆ ಕಣ್ಣಲ್ಲೇ ನೋಡಿ ಅಂಕ ಕೊಡುವ ಪರೀಕ್ಷೆ ಬಂತು. 1991ರಲ್ಲಿ ಪೊಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ ಅದಕ್ಕೆ ಗಡಿಯಾರ ಸೇರಿಸಿದರು. ಮೂರು ಮೀಟರ್ ಹೋಗಿ ಬರಬೇಕು, ಅಷ್ಟೇ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1995ರ ಕೆಲಸ. ಗುರಾಲ್ನಿಕ್ ಮತ್ತು ಸಂಗಡಿಗರು 70 ದಾಟಿದ, ಯಾರ ಸಹಾಯವೂ ಬೇಡದ 1,122 ಜನರನ್ನು ಆರಿಸಿಕೊಂಡರು. ನಿಲ್ಲುವ ಸಮತೋಲ, ನಡಿಗೆಯ ವೇಗ, ಕೈ ಊರದೆ ಐದು ಸಲ ಕುರ್ಚಿಯಿಂದ ಏಳುವುದು, ಮೂರಕ್ಕೂ ಸೇರಿ 12 ಅಂಕ. ನಾಲ್ಕು ವರ್ಷ ಬಿಟ್ಟು ನೋಡಿದರೆ, ಕಡಿಮೆ ಅಂಕದವರು ಪರಾವಲಂಬಿಗಳಾಗುವ ಸಾಧ್ಯತೆ ಹೆಚ್ಚು ಅಂಕದವರಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ. "ನಂಗೇನಾಗಿದೆ" ಅನ್ನುತ್ತಿದ್ದವರೇ ಇವರೆಲ್ಲ, ನೆನಪಿರಲಿ.

ಈಗ ವಿಶ್ವ ಆರೋಗ್ಯ ಸಂಸ್ಥೆ ಊರಿನ ಆರೋಗ್ಯ ಕಾರ್ಯಕರ್ತರೂ ಮಾಡಬಹುದಾದ ಪರೀಕ್ಷೆ ಹೇಳುತ್ತದೆ: ಕೈ ಎದೆಗೆ ಕಟ್ಟಿಕೊಂಡು ಐದು ಸಲ ಏಳುವುದು 14 ಸೆಕೆಂಡಿನೊಳಗೆ ಆಗಬೇಕು. ಆಗದಿದ್ದರೆ ಇನ್ನಷ್ಟು ತಪಾಸಣೆ, ಕಾಲಿಗೆ ಬಲ ಕೊಡುವ ವ್ಯಾಯಾಮ. ಅಳೆಯಲು ಕುರ್ಚಿಯೇ ಬೇಕು. ಐಮರದ ಎತ್ತರ ಮನೆಯಿಂದ ಮನೆಗೆ ಬೇರೆ.

ದೊಡ್ಡಮ್ಮನನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ ಫೋನಿನಲ್ಲಿ ಎಣಿಸಿದೆ. ಮೂರನೆಯ ಸಲಕ್ಕೆ ಕೈ ತಾನಾಗಿ ಮೊಣಕಾಲಿಗೆ ಬಂತು. ಆಗ ನೆನಪಾಯಿತು. ಹೋದ ಮಳೆಗಾಲ "ಕಲ್ಲು ಪಾಚಿ ಕಟ್ಟಿದೆ" ಎಂದು ತೋಟದಿಂದ ರಸ್ತೆಗೆ ಇಳಿಯುವುದನ್ನು ಬಿಟ್ಟಿದ್ದರು. ಮಳೆ ನಿಂತು, ಪಾಚಿ ಒಣಗಿ, ಸುಗ್ಗಿ ಹಬ್ಬ ಪುತ್ತರಿಯೂ ಕಳೆಯಿತು. ಅವರು ಮತ್ತೆ ಇಳಿಯಲೇ ಇಲ್ಲ. ನಾವು ಯಾಕೆ ಅಂತ ಕೇಳಿರಲೂ ಇಲ್ಲ.