ಗಣಿಯ ಗಾಳಿಬೋರ್: ಪರಿಶೀಲಿಸಬೇಕಾದ್ದು ರಂಧ್ರಕ್ಕಿಂತ ದಾರಿಯನ್ನು

ಭೂಗತ ಕಲ್ಲಿದ್ದಲು ಗಣಿಯ ಅನಿಲ ಹೊರತೆಗೆಯಲು ನೆಲದ ಮೇಲಿನಿಂದ ಬೋರ್ ಕೊರೆಯುವ ಅರ್ಜಿಯಲ್ಲಿ ಕಣ್ಣಿಗೆ ಬೀಳುವುದು ನಕ್ಷೆಯ ಮೇಲಿನ ಕೆಲವು ಚುಕ್ಕಿಗಳು. ತಳದ ಕೇಸಿಂಗ್ (ಬೋರ್‌ನೊಳಗೆ ಇಳಿಸುವ ಉಕ್ಕಿನ ಕೊಳವೆ) ಸಾಮಾನ್ಯವಾಗಿ 7 ಇಂಚಿನ ಆಸುಪಾಸು ಇರುತ್ತದೆ. ಆದರೆ ಕೊರೆಯುವ ರಿಗ್, ಕೆಸರುಗುಂಡಿ, ಪೈಪುಗಳ ರಾಶಿ, ಟ್ಯಾಂಕರ್ ತಿರುಗುವ ಜಾಗ ಎಲ್ಲ ಸೇರಿ ಒಂದೊಂದು ಬೋರ್‌ಗೂ ಅರ್ಧದಿಂದ ಒಂದು ಎಕರೆ ಸಮತಟ್ಟಾಗಬೇಕು. ಅಲ್ಲಿಗೆ ದಾರಿಯೂ ಬೇಕು. ಗುಡ್ಡದ ಮೈಯಲ್ಲಿ 4 ಮೀಟರ್ ಅಗಲದ ದಾರಿ ಮಾಡಿದರೆ ಕಡಿದ ಮತ್ತು ತುಂಬಿದ ಇಳಿಜಾರು ಸೇರಿ ಸುಮಾರು 10 ಮೀಟರ್ ಅಗಲದ ನೆಲ ಕೆಡುತ್ತದೆ. ಅಂದರೆ ಒಂದು ಕಿಲೋಮೀಟರ್ ದಾರಿಗೆ ಎರಡೂವರೆ ಎಕರೆ. ಹೂಳು ಹಳ್ಳಕ್ಕೆ ಇಳಿಯುವುದೂ ಹೆಚ್ಚಾಗಿ ಈ ದಾರಿಯಿಂದಲೇ. ಹಾಗಾಗಿ ಪರಿಶೀಲನೆ ದಾರಿಯಿಂದ ಶುರುವಾಗಬೇಕು.

ಬೋರ್ ಏಕೆ ಬೇಕೆಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಿದೆ. ಲಾಂಗ್‌ವಾಲ್ ಯಂತ್ರ ಉದ್ದನೆಯ ಗೋಡೆಯಂತಿರುವ ಕಲ್ಲಿದ್ದಲನ್ನು ಕತ್ತರಿಸಿ ಮುಂದೆ ಹೋದಂತೆ ಹಿಂದೆ ಛಾವಣಿ ಕುಸಿದು ಗೋಫ್, ಅಂದರೆ ಕಲ್ಲುಚೂರು ತುಂಬಿದ ಖಾಲಿ ಜಾಗ, ಆಗುತ್ತದೆ. ಬಿರುಕುಬಿಟ್ಟ ಮೇಲಿನ ಪದರಗಳಿಂದ ಮೀಥೇನ್ ಅದರೊಳಗೆ ಇಳಿಯುತ್ತದೆ. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ ಇದ್ದರೆ ಸ್ಫೋಟ ಸಾಧ್ಯ. ಅಮೆರಿಕದ ಗಣಿ ಸುರಕ್ಷತಾ ನಿಯಮದ ಪ್ರಕಾರ ಕೆಲಸದ ಜಾಗದಲ್ಲಿ ಅದು ಶೇ. 1 ಮುಟ್ಟಿದರೆ ಯಂತ್ರಗಳ ವಿದ್ಯುತ್ ಕಡಿಯಬೇಕು, ಶೇ. 1.5 ಆದರೆ ಜನರನ್ನು ಹೊರಗೆ ಕಳಿಸಬೇಕು. ಫ್ಯಾನಿನ ಗಾಳಿಯೊಂದೇ ಸಾಲದ ಗಣಿಗಳಲ್ಲಿ ಗೋಫಿನ ಅನಿಲವನ್ನು ಮೇಲಕ್ಕೆಳೆಯುವ ಈ ಬೋರ್‌ಗಳು ಕಾರ್ಮಿಕರ ಜೀವ ಕಾಯುತ್ತವೆ. ಇದನ್ನು ಹಗುರವಾಗಿ ನೋಡುವ ಪರಿಸರ ವರದಿ ನಂಬಿಕೆಗೆ ಅರ್ಹವಲ್ಲ.

ಸುರಕ್ಷತೆಯ ಈ ತುರ್ತನ್ನೇ ನೆಪ ಮಾಡಿಕೊಂಡು ಅರ್ಜಿ ತಡವಾಗಿ ಬರುವುದೂ ಉಂಟು. ಲಾಂಗ್‌ವಾಲ್ ದಿನಕ್ಕೆ 15 ಮೀಟರ್ ಸರಿಯುತ್ತದೆ, ಬೋರ್‌ಗಳ ನಡುವೆ 300 ಮೀಟರ್ ಅಂತರವಿದೆ ಎಂದುಕೊಳ್ಳಿ: ಪ್ರತಿ 20 ದಿನಕ್ಕೊಂದು ಬೋರ್ ಸಿದ್ಧವಿರಲೇಬೇಕು. ಪ್ಯಾನೆಲ್ (ಲಾಂಗ್‌ವಾಲ್ ಕತ್ತರಿಸುವ ಕಲ್ಲಿದ್ದಲಿನ ಒಂದು ದೊಡ್ಡ ಭಾಗ) ನಕ್ಷೆ ಮಾತ್ರ ವರ್ಷಗಳ ಮೊದಲೇ ತಯಾರಾಗಿರುತ್ತದೆ. ಆದ್ದರಿಂದ ಇಡೀ ಪ್ಯಾನೆಲ್‌ನ ಎಲ್ಲ ಬೋರ್, ಎಲ್ಲ ದಾರಿ ಒಂದೇ ಅರ್ಜಿಯಲ್ಲಿ ಇರಬೇಕು. ಮೂರು ಮೂರಾಗಿ ಬಿಡಿಸಿ ಕೇಳಿದರೆ ಒಟ್ಟು ಪರಿಣಾಮ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಬೋರ್‌ನ ತಳ ಎಲ್ಲಿರಬೇಕೆಂಬುದನ್ನು ಗಣಿ ನಿರ್ಧರಿಸುತ್ತದೆ. ಬೋರ್‌ನ ಬಾಯಿ ಎಲ್ಲಿರಬೇಕೆಂಬುದರಲ್ಲಿ ಸ್ವಲ್ಪ ಸಡಿಲಿಕೆ ಇದೆ. ಓರೆಯಾಗಿ ಕೊರೆದರೆ ಪ್ಯಾಡನ್ನು (ಬೋರ್‌ಗಾಗಿ ಸಮತಟ್ಟು ಮಾಡುವ ಜಾಗ) ಜೌಗು ನೆಲದಿಂದ, ಹಳ್ಳದ ದಂಡೆಯಿಂದ, ಹದ್ದಿನ ಗೂಡಿರುವ ಮರದಿಂದ ದೂರ ಸರಿಸಬಹುದು. ಹಳೆಯ ದಾರಿಯ ಪಕ್ಕಕ್ಕೇ ತರಲೂಬಹುದು. ಪರಿಸರ ವರದಿಯ ಪರ್ಯಾಯಗಳ ಅಧ್ಯಾಯದಲ್ಲಿ ಇದು ಚರ್ಚೆಯಾಗದಿದ್ದರೆ ಆ ಅಧ್ಯಾಯ ಕಾಟಾಚಾರದ್ದು. ಅಮೆರಿಕದ ಕೊಲರಾಡೊದಲ್ಲಿ ರಸ್ತೆರಹಿತ ಅರಣ್ಯದೊಳಗೆ ಕಲ್ಲಿದ್ದಲು ಗಣಿಗಾಗಿ ತಾತ್ಕಾಲಿಕ ದಾರಿ ಮಾಡಲು ಅವಕಾಶ ಕೊಟ್ಟಿದ್ದ ವಿನಾಯಿತಿಯನ್ನು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ಅಲ್ಲಿನ ಪೈಲಟ್ ನಾಬ್ ಎಂಬ ರಸ್ತೆರಹಿತ ಪ್ರದೇಶವನ್ನು ವಿನಾಯಿತಿಯಿಂದ ಹೊರಗಿಡುವ ಪರ್ಯಾಯವನ್ನು ಅರಣ್ಯ ಇಲಾಖೆ ಸರಿಯಾದ ಕಾರಣವಿಲ್ಲದೆ ಅಧ್ಯಯನದಿಂದ ಕೈಬಿಟ್ಟಿದ್ದೇ ಅಲ್ಲಿ ಮುಳುವಾಯಿತು.

ನೀರಿನ ವಿಷಯದಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಸಿಮೆಂಟಿನಲ್ಲಿ. ಅಂತರ್ಜಲ ಪದರಗಳನ್ನು ದಾಟುವವರೆಗೆ ಮೇಲಿನ ಕೇಸಿಂಗ್ ಇಳಿಸಿ, ಅದರ ಹೊರಸುತ್ತಿನ ಸಂದಿಗೆ ತಳದಿಂದ ನೆಲಮಟ್ಟದವರೆಗೂ ಸಿಮೆಂಟ್ ತುಂಬಬೇಕು. ಬಿರುಕಿನ ಬಂಡೆಯಲ್ಲಿ ಸಿಮೆಂಟ್ ಪಕ್ಕಕ್ಕೆ ಸೋರಿ ಮೇಲಕ್ಕೆ ಬಾರದೇ ಇರಬಹುದು. ಆಗ ಮೇಲಿನ ಪದರದ ನೀರು ಕೇಸಿಂಗ್ ಹಿಂದಿನಿಂದಲೇ ಗಣಿಗೆ ಜಾರುತ್ತದೆ. ಹತ್ತಿರದ ಝರಿ, ಬಾವಿಗಳನ್ನು ನೀರು ತುಂಬಿರುವ ಮತ್ತು ಬತ್ತುವ ಎರಡೂ ಕಾಲಗಳಲ್ಲಿ ಮೊದಲೇ ಅಳೆದಿರಬೇಕು. ಗಣಿಯ ಮೇಲಿನ ನೆಲ ಕುಸಿದಾಗಲೂ ಝರಿ ಬತ್ತಬಹುದು. ಹಳೆಯ ಅಳತೆ ಇಲ್ಲದಿದ್ದರೆ ನಿಜವಾಗಿ ಏನಾಯಿತೆಂದು ಬಿಡಿಸಿ ಹೇಳಲು ಯಾರಿಂದಲೂ ಆಗದು.

ಇನ್ನು ಹೊರಬರುವ ಅನಿಲ. ಒಂದು ಬೋರ್ ದಿನಕ್ಕೆ 10,000 ಘನ ಮೀಟರ್ ಶುದ್ಧ ಮೀಥೇನ್ ಬಿಡುತ್ತದೆ ಎಂದರೆ ಅದು ಸುಮಾರು 7 ಟನ್. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಮೀಥೇನಿನ ಶಕ್ತಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 30 ಪಟ್ಟು. ಹಾಗೇ ಬಿಟ್ಟರೆ ದಿನಕ್ಕೆ 210 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಪೂರ್ತಿ ಸುಟ್ಟರೆ 19 ಟನ್ ಇಂಗಾಲದ ಡೈಆಕ್ಸೈಡ್ ಮಾತ್ರ. ಈ ಅಂತರ ಕಣ್ಣಮುಂದಿರುವಾಗ 'ಸುಡುವುದು ಕಾರ್ಯಸಾಧ್ಯವಲ್ಲ' ಎಂಬ ಒಂದೇ ಸಾಲನ್ನು ಒಪ್ಪಬಾರದು. ಹರಿವು ಎಷ್ಟು, ಮೀಥೇನ್ ಶೇಕಡಾ ಎಷ್ಟು, ಎಷ್ಟು ತಿಂಗಳು ಎಂಬ ಅಂಕಿ ಕೇಳಬೇಕು. ಮೀಥೇನ್ ಪ್ರಮಾಣ ಶೇ. 25ರ ಹತ್ತಿರಕ್ಕೆ ಇಳಿದಾಗ ಎಕ್ಸಾಸ್ಟರ್ (ಬೋರ್‌ನಿಂದ ಅನಿಲ ಎಳೆಯುವ ಯಂತ್ರ) ನಿಲ್ಲಿಸುವ ರೂಢಿಯಿದೆ, ಏಕೆಂದರೆ ಅಲ್ಲಿಂದ ಕೆಳಗೆ ಸ್ಫೋಟದ ಮಿತಿ ದೂರವಿಲ್ಲ. 2014ರಲ್ಲಿ ಕೊಲರಾಡೊದ ಫೆಡರಲ್ ನ್ಯಾಯಾಲಯ ವೆಸ್ಟ್ ಎಲ್ಕ್ ಎಂಬ ಕಲ್ಲಿದ್ದಲು ಗಣಿಯ ವಿಸ್ತರಣೆಯ ಅನುಮತಿ ತಡೆದದ್ದು ಇಂಥದೇ ಕೊರತೆಗಾಗಿ: ಯೋಜನೆಯ ಲಾಭವನ್ನು ಡಾಲರಿನಲ್ಲಿ ಎಣಿಸಿದ್ದರು, ಹವಾಮಾನದ ಹಾನಿಯನ್ನು ಎಣಿಸಿರಲಿಲ್ಲ.

ಮುಚ್ಚುವ ಷರತ್ತುಗಳು ಅನುಮತಿ ಪತ್ರದಲ್ಲೇ ದಿನಾಂಕದೊಂದಿಗೆ ಇರಬೇಕು. ಮೇಲ್ಮಣ್ಣನ್ನು ಮೊದಲೇ ಕೆತ್ತಿ ಬೇರೆ ರಾಶಿ ಹಾಕಿ ಗುರುತಿನ ಫಲಕ ನೆಡಿಸಿ. ಕೆಳಮಣ್ಣಿನ ಜೊತೆ ಬೆರೆತರೆ ನೆಟ್ಟದ್ದು ಹುಟ್ಟುವುದಿಲ್ಲ. ಕಳೆಬೀಜ ಬಾರದಂತೆ ಯಂತ್ರಗಳನ್ನು ತೊಳೆದೇ ಒಳಗೆ ಬಿಡಿ. ನೆಲ ಕುಸಿದಾಗ ಕೇಸಿಂಗ್ ತುಂಡಾಗುವುದು ಸಾಮಾನ್ಯ. ಬೋರ್ ಮುಚ್ಚುವಾಗ ತಳದವರೆಗೆ ಸಿಮೆಂಟ್ ತಲುಪದಿದ್ದರೆ ತುಂಡಾದ ಜಾಗದ ಮೇಲೆ ಪ್ಲಗ್ ಕೂರಿಸಿ ಅಲ್ಲಿಂದ ನೆಲದವರೆಗೆ ತುಂಬಬೇಕು. ದಾರಿಯ ಮೋರಿ ಪೈಪುಗಳನ್ನೂ ಕಿತ್ತು ಹಳ್ಳ ಮೊದಲು ಹರಿಯುತ್ತಿದ್ದ ಜಾಡನ್ನು ಮತ್ತೆ ತೆರೆಯಬೇಕು. ಬಿಟ್ಟರೆ ಒಂದೆರಡು ಮಳೆಯಲ್ಲಿ ಮೋರಿ ಕಟ್ಟಿಕೊಂಡು ನೀರು ದಾರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ಗಣಿ ಕಂಪನಿಯ ಠೇವಣಿ ಹಣ ಹಿಂತಿರುಗಿಸುವ ಮೊದಲು ನೋಡಬೇಕಾದ್ದು ಈ ಮೋರಿಗಳನ್ನೇ.